ಕೆಂಪು ಗೆರೆಯ ಕೆಳಗೆ

ಅನಘಳ ಕಣ್ಣಿನ ರೆಪ್ಪೆ ಬಾತದ್ದನ್ನು ಮೊದಲು ಕಂಡವರು ಅವಳ ಅಜ್ಜಿ ಸುಗುಣಾ. ಬೆಳಿಗ್ಗೆ ಜಡೆ ಹಾಕಲು ಕೂರಿಸಿಕೊಂಡವರು ಮೊಮ್ಮಗಳ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಸೊಸೆಯನ್ನು ಕರೆದರು.

"ಶ್ರೀಪ್ರಿಯಾ, ಒಮ್ಮೆ ಬಾ ಇಲ್ಲಿ. ಮಗುವಿನ ಮುಖ ನೋಡು."

"ನಿದ್ದೆ ಜಾಸ್ತಿ ಆಗಿರ್ಬೇಕು ಅತ್ತೆ."

"ನಿದ್ದೆಯ ಬಾವು ಹೀಗಿರುವುದಿಲ್ಲ. ಕಾಲು ನೋಡು ಬೇಕಾದ್ರೆ."

ಕಾಲ್ಚೀಲದ ರಬ್ಬರು ಹಿಂದಿನ ದಿನ ಒತ್ತಿದ ಗೆರೆ ಕಾಲಿನ ಮೇಲೆ ಹಾಗೆಯೇ ಇತ್ತು. ಶ್ರೀಪ್ರಿಯಾ ಹಿಟ್ಟಿನ ಕೈ ಒರೆಸಿಕೊಂಡು ಬಂದು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಳು. ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಗುಳಿ ತುಂಬಲಿಲ್ಲ.

ಎರಡು ಸಾವಿರದ ಹದಿಮೂರರ ಜನವರಿ. ಮುಂಬಯಿಯ ಹತ್ತಿರದ ಠಾಣೆಯ ವರ್ತಕ ನಗರದ ಆ ಫ್ಲ್ಯಾಟಿನಲ್ಲಿ ಆ ಹೊತ್ತಿಗೆ ಇದ್ದವರು ಈ ಮೂವರೇ. ಅನಘಳ ಅಪ್ಪ ರಮಾಕಾಂತ ಕಲ್ಯಾಣಕ್ಕೆ ಹೋಗಿಯಾಗಿತ್ತು. ಅಲ್ಲಿ ಸ್ಟೇಷನ್ನಿನ ಹತ್ತಿರ ಸೋದರಮಾವನ ಜತೆ ಪಾಲಿನಲ್ಲಿ ಅವನು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ಇಡ್ಲಿಯ ಗಿರಾಕಿಗಳು ಬೆಳಕು ಹರಿಯುವ ಮೊದಲೇ ಬರುವ ಊರು ಅದು. ಹೆಂಡತಿಯ ಫೋನು ಬಂದಾಗ ಅವನು ಗಲ್ಲಾದಲ್ಲಿ ಚಿಲ್ಲರೆ ಕೊಡುತ್ತಿದ್ದ. "ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೇವೆ" ಎಂಬುದಷ್ಟೇ ಆ ಗದ್ದಲದಲ್ಲಿ ಕೇಳಿಸಿತು.

ಮೂತ್ರದಲ್ಲಿ ಪ್ರೊಟೀನ್ ಸೋರಿಹೋಗುತ್ತಿದೆ, ಕಿಡ್ನಿಯ ಕಾಯಿಲೆ, ಮಕ್ಕಳಿಗೆ ಬರುವಂಥದ್ದೇ ಎಂದರು ಡಾಕ್ಟರಮ್ಮ. ವಾಸಿಯಾಗುತ್ತದೆ, ಆದರೆ ಮರುಕಳಿಸುತ್ತದೆ, ಕೆಲವು ವರ್ಷ ಜತೆಯಲ್ಲೇ ಇಟ್ಟುಕೊಂಡು ಬಾಳಬೇಕು ಎಂದರು. ವಾರ್ಡಿನಲ್ಲಿ ಬಾತ ಕೈಗೆ ನರ ಸಿಗದೆ ನರ್ಸುಗಳು ಮತ್ತೆ ಮತ್ತೆ ಚುಚ್ಚಿದರು. ಅನಘ ಕಿರುಚಿ ಕಿರುಚಿ ಕೊನೆಗೆ ಶಬ್ದ ಬಾರದೆ ಬಾಯಿ ಮಾತ್ರ ತೆರೆಯುತ್ತಿದ್ದಳು. ಅವಳ ಭುಜ ಒತ್ತಿ ಹಿಡಿದವಳು ಶ್ರೀಪ್ರಿಯಾ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು: ಉಪ್ಪು ಬಹಳ ಕಡಿಮೆ; ಮಾತ್ರೆ ಒಂದು ದಿನವೂ ತಪ್ಪಬಾರದು; ಬಾವು ಇಳಿಯುವ ತನಕ ನೀರು, ಹಾಲು, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಆರುನೂರು ಎಂಎಲ್.

ಆರುನೂರು ಎಂದರೆ ಎಷ್ಟು? ಮನೆಯಲ್ಲಿ ಉಡುಗೊರೆ ಬಂದ ಎತ್ತರದ ಸ್ಟೀಲ್ ಗ್ಲಾಸುಗಳಿದ್ದವು, ಅಜ್ಜಿಯ ಕಾಫಿ ಲೋಟವಿತ್ತು, ಅನಘಳ ಪ್ಲಾಸ್ಟಿಕ್ ಕಪ್ಪಿತ್ತು, ಹೋಟೆಲಿನಿಂದ ಬಂದು ಸೇರಿದ ಗಾಜಿನ ಗ್ಲಾಸಿತ್ತು. ಯಾವುದರಲ್ಲಿ ಎಷ್ಟು ಹಿಡಿಯುತ್ತದೆಂದು ಯಾರೂ ಕೇಳಿಕೊಂಡವರಲ್ಲ.

"ಅತ್ತೆ, ಅನ್ನಕ್ಕೆ ಸಾರು ಎಷ್ಟು ಹಾಕಿದ್ರಿ?"

"ಎರಡು ಸೌಟು. ಒಣ ಅನ್ನ ಗಂಟಲಲ್ಲಿ ಇಳಿಯುವುದು ಬೇಡ್ವಾ?"

"ಎರಡು ಸೌಟು ಅಂದ್ರೆ ಎಷ್ಟು ಎಂಎಲ್?"

"ನನಗೆ ಗೊತ್ತುಂಟಾ ಅದೆಲ್ಲ? ಸೌಟು ಅಂದ್ರೆ ಸೌಟು."

"ಅಜ್ಜೀ, ಥೋಡಾ ಪಾನೀ ಕೊಡು ನಾ," ಎಂದು ಅನಘ ಸೆರಗು ಹಿಡಿಯುವಳು. ಅಜ್ಜಿಯ ಹತ್ತಿರ ಕನ್ನಡ, ಹೊರಗಿನವರ ಹತ್ತಿರ ಹಿಂದಿ, ಬಾಯಾರಿದಾಗ ಎರಡೂ. ಅಜ್ಜಿ ಸೊಸೆಯ ಮುಖ ನೋಡುವರು. ಸೊಸೆ ಬೇಡವೆಂದು ತಲೆಯಾಡಿಸುವಳು. ಮಗು ಅಳುವುದು. ಎಂಟು ವರ್ಷದ ಹುಡುಗಿ ನೀರಿಗಾಗಿ ಅಳುವುದನ್ನು ಕೇಳಿ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದ್ದೂ ಉಂಟು.

ಆ ಭಾನುವಾರ ನೆರೂಳಿನಿಂದ ರಮಾಕಾಂತನ ತಮ್ಮ ಲೀಲಾಧರ ಬಂದ. ಶಾಲೆಗಳ ಕಂಪ್ಯೂಟರ್ ಬೋರ್ಡುಗಳಿಗೆ ಪಾಠದ ಚಿತ್ರಗಳನ್ನು ಮಾಡುವ ಕಂಪನಿಯಲ್ಲಿ ಅವನಿಗೆ ಕೆಲಸ. ಮಕ್ಕಳು ಮುಟ್ಟಿ, ಎಳೆದು, ಸುರಿದು ಕಲಿಯುವ ಬಗೆಯವು. ಚೀಲದಿಂದ ಟ್ಯಾಬ್ಲೆಟ್ ತೆಗೆದು ಅನಘಳ ಮಡಿಲಲ್ಲಿಟ್ಟ. ಪರದೆಯ ಮೇಲೆ ಗೆರೆ ಎಳೆದ ದೊಡ್ಡ ಗಾಜಿನ ಜಾಡಿ. ಪಕ್ಕದಲ್ಲಿ ಗ್ಲಾಸು, ಬಟ್ಟಲು, ಸೌಟು, ಚಮಚ. ಬೆರಳಿನಿಂದ ಗ್ಲಾಸನ್ನು ಎಳೆದು ಜಾಡಿಯ ಮೇಲೆ ತಂದರೆ ಅದು ಬಾಗಿ ನೀರು ಸುರಿಯುತ್ತಿತ್ತು. ನೀಲಿ ನೀರು ಒಂದೊಂದೇ ಗೆರೆ ದಾಟಿ ಏರುತ್ತಿತ್ತು.

"ಹೇಳು ನೋಡುವಾ, ಈ ಎತ್ತರದ ಗ್ಲಾಸಿನಲ್ಲಿ ಹೆಚ್ಚು ನೀರುಂಟಾ, ಈ ಅಗಲದ ಬಟ್ಟಲಿನಲ್ಲಾ?"

"ಗ್ಲಾಸಿನಲ್ಲಿ."

"ಸುರಿದು ನೋಡು."

ಗ್ಲಾಸಿನ ನೀರು ಇನ್ನೂರರ ಗೆರೆಗೆ ನಿಂತಿತು. ಜಾಡಿ ಖಾಲಿ ಮಾಡಿ ಬಟ್ಟಲು ಸುರಿದಳು. ಇನ್ನೂರೇ.

"ಹಾಂ? ಫಿರ್ ಸೇ!" ಎಂದು ಮತ್ತೆ ಸುರಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಲೀಲಾಧರ ಮೆಡಿಕಲ್ ಅಂಗಡಿಯಿಂದ ಅಳತೆಯ ಜಾರ್ ತಂದು ಮನೆಯ ಪಾತ್ರೆಗಳನ್ನೆಲ್ಲ ಅನಘಳ ಕೈಯಲ್ಲೇ ಅಳೆಸಿದ. ಅಜ್ಜಿಯ ಸೌಟು ಅರುವತ್ತು, ಕಾಫಿ ಲೋಟ ನೂರೈವತ್ತು. ಒಂದೊಂದನ್ನೂ ಟ್ಯಾಬ್ಲೆಟ್ಟಿಗೆ ಸೇರಿಸಿ, ಅದನ್ನು ಅವಳಿಗೇ ಬಿಟ್ಟುಕೊಟ್ಟ. ಇನ್ನು ಅವಳು ಕುಡಿದದ್ದನ್ನೆಲ್ಲ ಪರದೆಯ ಜಾಡಿಗೂ ಸುರಿದರಾಯಿತು. ಎಷ್ಟಾಯಿತೆಂದು ಅವಳಿಗೇ ಕಾಣುತ್ತದೆ.

ಅವನು ಹೊರಡುವಾಗ ಶ್ರೀಪ್ರಿಯಾ ಅಡುಗೆಮನೆಗೆ ಕರೆದಳು.

"ಲೀಲಾಧರ, ಆರುನೂರರ ಹತ್ತಿರ ಒಂದು ಕೆಂಪು ಗೆರೆ ಹಾಕ್ಲಿಕ್ಕೆ ಆಗ್ತದಾ?"

"ಆಗ್ತದೆ ಅತ್ತಿಗೆ."

"ದಾಟಿದ್ರೆ ಒಂದು ಮುಖ ಬರ್ಬೇಕು. ಹುಡುಗಿಯ ಮುಖ. ಊದಿಕೊಳ್ಳುವ ಹಾಗೆ."

ಲೀಲಾಧರ ಹೆಗಲಿನ ಚೀಲವನ್ನು ಕೆಳಗಿಳಿಸಿದ. "ಅದು ಬೇಕಾ? ಮಕ್ಕಳ ಪಾಠದಲ್ಲಿ ಹೆದರಿಸುವಂಥದ್ದು ನಾವು ಹಾಕುವುದಿಲ್ಲ."

"ನಿಮ್ಮ ಪಾಠದ ಮಕ್ಕಳು ಕದ್ದು ನೀರು ಕುಡಿದ್ರೆ ಎಂತದೂ ಆಗುವುದಿಲ್ಲ. ನೀನು ಹಾಕಿಕೊಡು."

ಮುಂದಿನ ಭಾನುವಾರ ಹಾಕಿಕೊಟ್ಟ. ಅನಘ ಪರೀಕ್ಷೆಗೆಂದು ಗ್ಲಾಸಿನ ಮೇಲೆ ಗ್ಲಾಸು ಸುರಿದಳು. ಗೆರೆ ದಾಟಿದ್ದೇ ಗಂಟೆ ಬಾರಿಸಿತು. ಎರಡು ಜಡೆಯ ಹುಡುಗಿಯೊಬ್ಬಳ ಮುಖ ಮೂಡಿ, ಕೆನ್ನೆ ಊದಿ, ಕಣ್ಣು ಮುಚ್ಚಿಹೋಗುವ ತನಕ ಊದುತ್ತಲೇ ಹೋಯಿತು. ಅನಘ ಟ್ಯಾಬ್ಲೆಟ್ಟನ್ನು ಮಗುಚಿ ಹಾಸಿಗೆಯ ಮೇಲಿಟ್ಟಳು. ಆಮೇಲೆ ಒಂದು ಸಲವೂ ಅವಳು ಗೆರೆ ದಾಟಿಸಲಿಲ್ಲ.

ನೀರಿನ ಅಳು ನಿಂತಿತು. ಊಟಕ್ಕೆ ಕೂತವಳು ತಾನೇ ಹೇಳುವಳು, "ಅಜ್ಜೀ, ಅರ್ಧ ಸೌಟು ಬಸ್. ತೀಸ್, ಮೂವತ್ತು." ಬಾವು ಇಳಿಯಿತು. ಶಾಲೆಯಲ್ಲಿ ಅಳತೆಯ ಪಾಠ ಬಂದಾಗ ಲೀಟರು, ಎಂಎಲ್ ಪ್ರಶ್ನೆಗೆಲ್ಲ ಅವಳದೇ ಕೈ ಮೇಲೆ. ಟೀಚರು ತಾಯಿಯನ್ನು ಕರೆದು, ಮನೆಯಲ್ಲಿ ಚೆನ್ನಾಗಿ ಕಲಿಸಿದ್ದೀರಿ ಎಂದು ಹೊಗಳಿದರು. ಶ್ರೀಪ್ರಿಯಾ ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣೊರೆಸಿಕೊಂಡಳು.

ಮಾರ್ಚಿನಲ್ಲಿ ಡಾಕ್ಟರಮ್ಮ ನೋಡಿ, ಪ್ರೊಟೀನ್ ಸೋರುವುದು ನಿಂತಿದೆ, ಇನ್ನು ನೀರಿಗೆ ಕಟ್ಟು ಬೇಡ, ಬಾಯಾರಿದಷ್ಟು ಕುಡಿಯಲಿ ಎಂದರು. ಶ್ರೀಪ್ರಿಯಾ ಸರಿಯೆಂದು ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಕೆಂಪು ಗೆರೆ ಇದ್ದಲ್ಲೇ ಇತ್ತು.

ಮರುದಿನ ಬೆಳಿಗ್ಗೆ, ಅಪರೂಪಕ್ಕೆ ತಡವಾಗಿ ಹೊರಡಲಿದ್ದು ಉಪ್ಪಿಟ್ಟು ತಿನ್ನುತ್ತ ಕೂತ ಮಗನಿಗೆ ಸುಗುಣಾ ಹೇಳಿದರು, "ರಮಾಕಾಂತ, ಡಾಕ್ಟರು ಬಿಟ್ಟ ಮೇಲೂ ನಿನ್ನ ಹೆಂಡತಿ ಬಿಟ್ಟಿಲ್ಲ. ಈ ಸೆಕೆಗೆ ಮಗುವಿನ ತುಟಿ ಒಡೆದಿದೆ."

"ಹೌದಾ ಶ್ರೀಪ್ರಿಯಾ? ಡಾಕ್ಟರೇ ಹೇಳಿದ ಮೇಲೆ ನಿನ್ನದೆಂತ?"

"ಮತ್ತೆ ಬರ್ತದೆ ಅಂತಲೂ ಅವರೇ ಹೇಳಿದ್ದಲ್ವಾ? ಇಷ್ಟು ಜಾಗ್ರತೆ ಮಾಡಿದ್ದಕ್ಕೇ ಇಳಿದದ್ದು."

"ಇಳಿದದ್ದು ಮಾತ್ರೆಯಿಂದ."

"ಯಾವುದರಿಂದ ಅಂತ ನಿಮಗೆ ಗೊತ್ತುಂಟಾ? ನೀವು ಕಲ್ಯಾಣದಲ್ಲಿ ಇರ್ತೀರಿ. ಸೂಜಿ ಹಾಕುವಾಗ ಹಿಡ್ಕೊಂಡದ್ದು ನಾನು. ಇನ್ನೊಮ್ಮೆ ಹಿಡ್ಕೊಳ್ಳಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ರಮಾಕಾಂತ ತಟ್ಟೆ ಸರಿಸಿ ಎದ್ದ. ಅವನ ಟ್ರೇನಿಗೆ ಹೊತ್ತಾಗಿತ್ತು. ಬಾಗಿಲ ಹತ್ತಿರ ಶೂ ಹಾಕಿಕೊಳ್ಳುತ್ತಿದ್ದ ಅನಘ ಎಲ್ಲವನ್ನೂ ಕೇಳಿಸಿಕೊಂಡಳು. ಅಂದು ಅವಳು ಶಾಲೆಗೆ ಒಯ್ದ ನೀರಿನ ಬಾಟಲಿ ತುಂಬಿದ ಹಾಗೆಯೇ ವಾಪಸ್ಸು ಬಂತು. ಸಂಜೆ ಪರದೆಯ ಜಾಡಿಯಲ್ಲಿ ಇದ್ದದ್ದು ಮುನ್ನೂರೈವತ್ತು.

"ಇಷ್ಟೇನಾ?" ಎಂದಳು ಶ್ರೀಪ್ರಿಯಾ.

"ಪ್ಯಾಸ್ ನಹೀ ಲಗೀ, ಬಾಯಾರಲೇ ಇಲ್ಲ," ಎಂದಳು ಮಗಳು. ತಾಯಿಗೆ ಒಳಗೊಳಗೇ ಸಮಾಧಾನವಾಯಿತು.

ಏಪ್ರಿಲ್ ಬಂತು. ಪರೀಕ್ಷೆ ಮುಗಿದ ವಾರವೇ ಅನಘಳಿಗೆ ವಾಂತಿ, ಭೇದಿ. ಬಿಲ್ಡಿಂಗಿನ ಕೆಳಗಿನ ಕ್ಲಿನಿಕ್ಕಿನ ಡಾಕ್ಟರು ಔಷಧಿ ಕೊಟ್ಟು, ಕಿತ್ತಳೆ ರುಚಿಯ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಬೆರೆಸಿ ಇಡೀ ದಿನ ಕುಡಿಸುತ್ತಿರಿ, ಹೊರಗೆ ಹೋದಷ್ಟು ಒಳಗೆ ಹೋಗಬೇಕು ಎಂದರು. ಈ ಸಲ ಶ್ರೀಪ್ರಿಯಾ ಅನುಮಾನಿಸಲಿಲ್ಲ. ಅಳತೆಯ ಜಾರಿನಲ್ಲಿ ಸಾವಿರದ ಗೆರೆಗೆ ಸರಿಯಾಗಿ ನೀರು ತುಂಬಿ, ಬೆರೆಸಿ, ಮಗಳ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು.

ಅನಘ ಜಾರನ್ನು ನೋಡಿದಳು. "ಇದು ಸಾವಿರ."

"ಹೌದು. ಎಲ್ಲ ಕುಡೀಬೇಕು."

"ಎಲ್ಲ?"

"ಎಲ್ಲ. ಹಠ ಮಾಡ್ಬೇಡ."

ಹುಡುಗಿ ತಾಯಿ ಎದುರಿಗಿದ್ದಾಗ ಎರಡು ಗುಟುಕು ಕುಡಿದಳು. ಶ್ರೀಪ್ರಿಯಾ ಬಟ್ಟೆ ಒಗೆಯಲು ಹೋಗಿ ಬರುವಷ್ಟರಲ್ಲಿ ಜಾರಿನಲ್ಲಿ ಕಾಲುಭಾಗ ಕಡಿಮೆಯಾಗಿತ್ತು. ಮಧ್ಯಾಹ್ನಕ್ಕೆ ಅರ್ಧವೂ ಇರಲಿಲ್ಲ. ಸಂಜೆ ಖಾಲಿ.

"ಶಾಬಾಸ್ ಮಗಳೇ!" ಎಂದು ಶ್ರೀಪ್ರಿಯಾ ಅವಳ ತಲೆ ಸವರಿದಳು. ಮರುದಿನ ಬೆಳಿಗ್ಗೆ ಇನ್ನೊಂದು ಲೀಟರು ಮಾಡಿಟ್ಟಳು.

ಆ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಹೋದ ಸುಗುಣಾ ವಾಷ್‌ಬೇಸಿನ್ನಿನ ಮುಂದೆ ನಿಂತುಬಿಟ್ಟರು. ಕಿಟಕಿಯಿಂದ ಇಳಿದ ಇರುವೆಯ ಸಾಲು ಬೇಸಿನ್ನಿನ ಅಂಚನ್ನು ಸುತ್ತಿ ತೂತಿನ ತನಕ ಹೋಗಿತ್ತು. ಬೆರಳಿಟ್ಟು ನೋಡಿದರು. ಅಂಟು. ಮೂಗಿಗೆ ಹಿಡಿದರು. ಕಿತ್ತಳೆಯ ವಾಸನೆ.

"ಶ್ರೀಪ್ರಿಯಾ! ಮಗು ಕುಡಿದಿಲ್ಲ! ಎಲ್ಲ ಇದರಲ್ಲಿ ಚೆಲ್ಲಿದೆ ಮಗು!"

ಇಬ್ಬರೂ ಕೋಣೆಗೆ ಓಡಿದರು. ಅನಘ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಶ್ರೀಪ್ರಿಯಾ ಹಿಡಿದು ತಿರುಗಿಸಿದಳು. ಕಣ್ಣು ಗುಳಿಬಿದ್ದಿತ್ತು, ತುಟಿ ಬೆಳ್ಳಗೆ ಒಣಗಿತ್ತು. ಹೊರಗೆ ಅಷ್ಟು ಬಿಸಿಲಿದ್ದರೂ ಕೈ ತಣ್ಣಗಿತ್ತು.

"ಅನಘಾ! ಅನಘಾ, ಕಣ್ಣು ಬಿಡು! ಯಾಕೆ ಚೆಲ್ಲಿದೆ? ಯಾಕೆ ಚೆಲ್ಲಿದೆ ಹೇಳು!"

ಹುಡುಗಿ ಕಣ್ಣು ಬಿಟ್ಟಳು, ಆದರೆ ನೋಡಿದ್ದು ತಾಯಿಯನ್ನಲ್ಲ. ನಾಲಿಗೆ ಬಾಯಿಗೆ ಅಂಟಿಕೊಂಡು ಮಾತು ಹೊರಡಲಿಲ್ಲ.

"ಬೈಯ್ಲಿಕ್ಕೆ ಹೊತ್ತಲ್ಲ ಇದು," ಎಂದರು ಸುಗುಣಾ. "ಎತ್ತಿಕೋ. ನಾನು ರಿಕ್ಷಾ ನಿಲ್ಲಿಸ್ತೇನೆ." ಮಂಡಿನೋವಿನ ಆ ಹೆಂಗಸು ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ರಸ್ತೆಯ ಮಧ್ಯಕ್ಕೆ ಹೋಗಿ ಕೈ ಅಡ್ಡ ಹಿಡಿದರು.

ಹೆಂಡತಿಯ ಫೋನು ಬಂದದ್ದೇ ರಮಾಕಾಂತ ಸಿಕ್ಕಿದ ಮೊದಲ ಲೋಕಲ್ ಟ್ರೇನು ಹಿಡಿದ. ಡೊಂಬಿವಲಿ ದಾಟಿದ ಮೇಲೆ ಟ್ರೇನು ನಿಂತಿತು. ಸಿಗ್ನಲ್. ಬಾಗಿಲಲ್ಲಿ ನಿಂತವನು ಹೆಂಡತಿಗೆ ಫೋನು ಮಾಡಿದ; ಎತ್ತಲಿಲ್ಲ. ತಾಯಿಗೆ ಮಾಡಿದ, ಅವರ ಫೋನು ಮನೆಯಲ್ಲೇ ಉಳಿದಿತ್ತು. ಮತ್ತೆ ಹೆಂಡತಿಗೆ. ಪಕ್ಕದಲ್ಲಿದ್ದವನೊಬ್ಬ ಮರಾಠಿಯಲ್ಲಿ, ಕೆಳಗೆ ಇಳಿಯಬೇಡಿ, ಈಗ ಹೊರಡುತ್ತದೆ ಎಂದು ತೋಳು ಹಿಡಿದುಕೊಂಡ. ತಾನು ಇಳಿಯಲು ಕಾಲು ಚಾಚಿದ್ದು ಆಗಲೇ ರಮಾಕಾಂತನಿಗೆ ಗೊತ್ತಾದದ್ದು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಮಗು ಮೂತ್ರಕ್ಕೆ ಹೋದದ್ದು ಯಾವಾಗ?"

ಶ್ರೀಪ್ರಿಯಾ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದರು. ಆ ಹುಡುಗಿಯ ಬಾಯಿಗೆ ಹೋದ ಹನಿಹನಿಯ ಲೆಕ್ಕ ಅವರಲ್ಲಿತ್ತು. ಹೊರಗೆ ಹೋದದ್ದರ ಲೆಕ್ಕವನ್ನು ಮಾತ್ರ ಇಬ್ಬರೂ ಇಟ್ಟಿರಲಿಲ್ಲ.

ಈ ಸಲವೂ ನರ ಬೇಗ ಸಿಗಲಿಲ್ಲ. ಶ್ರೀಪ್ರಿಯಾ ಮತ್ತೆ ಭುಜ ಹಿಡಿದಳು. ಅನಘ ಕಿರುಚಲಿಲ್ಲ, ಕೈ ಎಳೆದುಕೊಳ್ಳಲಿಲ್ಲ. ಅದು ತಾಯಿಗೆ ಕಿರುಚುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ರಮಾಕಾಂತ ಬಂದು ಮಂಚದ ಕಾಲ ಬುಡದಲ್ಲಿ ನಿಂತ. ನೆರೂಳಿನಿಂದ ಲೀಲಾಧರನೂ ಓಡಿ ಬಂದ.

ಡ್ರಿಪ್ಪು ಹೋಗುತ್ತ ಹೋಗುತ್ತ ಹುಡುಗಿಯ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಕಣ್ಣು ತಿರುಗಿಸಿ ಮೇಲೆ ನೋಡಿದಳು. ಸಲೈನ್ ಬಾಟಲಿಯ ಬದಿಯಲ್ಲಿ ಗೆರೆಗಳಿದ್ದವು, ಅಂಕಿಗಳಿದ್ದವು. ಅವಳು ಓದಿದಳು.

"ಅಮ್ಮ, ಬಂದ್ ಕರೋ."

"ಎಂತ ಮಗಳೇ? ನೋಯ್ತದಾ?"

"ಬಂದ್ ಕರೋ! ಮುನ್ನೂರು ಹೋಯ್ತು. ಇನ್ನೊಂದು ಬಾಟಲಿ ಮೊದಲೇ ಹೋಗಿದೆ. ರೆಡ್ ಲೈನ್ ದಾಟಿಯಾಯ್ತು! ಬಂದ್ ಕರೋ ಅಮ್ಮ!" ಸೂಜಿಯಿಲ್ಲದ ಕೈಯಿಂದ ಕೆನ್ನೆ ಮುಟ್ಟಿಕೊಂಡಳು, ಕಣ್ಣ ರೆಪ್ಪೆ ಮುಟ್ಟಿಕೊಂಡಳು, ಮತ್ತೆ ಕೆನ್ನೆ. "ಊದ್ತಾ ಉಂಟಾ? ಅಜ್ಜೀ, ಊದ್ತಾ ಉಂಟಾ ನೋಡು!" ಕೈ ನಳಿಗೆಗೆ ಹೋಯಿತು. ರಮಾಕಾಂತ ಹಾರಿ ಹಿಡಿದ.

"ಯಾವ ರೆಡ್ ಲೈನ್?" ಎಂದು ಕೇಳಿದರು ಡಾಕ್ಟರಮ್ಮ.

ಲೀಲಾಧರ ಚೀಲದಿಂದ ತನ್ನ ಇನ್ನೊಂದು ಟ್ಯಾಬ್ಲೆಟ್ ತೆಗೆದು ಅದೇ ಜಾಡಿಯನ್ನು ತೋರಿಸಿದ. ಡಾಕ್ಟರಮ್ಮ ಸುರಿದು ನೋಡಿದರು. ಗಂಟೆ ಬಾರಿಸಿತು, ಮುಖ ಊದಿತು. ಅವರು ಬೈಯಲಿಲ್ಲ. "ಅಳೆಯಲು ಚೆನ್ನಾಗಿ ಕಲಿಸಿದ್ದೀರಿ," ಎಂದರು. "ಆದರೆ ಈ ಜಾಡಿಗೆ ನೀರು ಒಳಗೆ ಹೋಗಲು ಮಾತ್ರ ದಾರಿಯಿದೆ. ಬೆವರು, ಮೂತ್ರ, ಭೇದಿ, ಇವೆಲ್ಲ ಹೊರಗೆ ಹೋಗುವುದು ಎಲ್ಲಿಂದ? ಇದನ್ನು ನೋಡಿದ ಮಗುವಿಗೆ ನೀರೇ ಕಾಯಿಲೆ ಅನ್ನಿಸದೆ ಇನ್ನೇನು ಅನ್ನಿಸೀತು?"

"ಮುಖ ನಾನು..." ಎಂದು ಲೀಲಾಧರ ಬಾಯಿ ತೆರೆದ.

"ಅವನಲ್ಲ," ಎಂದಳು ಶ್ರೀಪ್ರಿಯಾ. "ನಾನು ಮಾಡಿಸಿದ್ದು."

ರಮಾಕಾಂತ ಹೆಂಡತಿಯ ಕಡೆ ತಿರುಗಿದ. ಅವನ ಬಾಯಿಂದ ಏನು ಬರುತ್ತಿತ್ತೋ, ಅಷ್ಟರಲ್ಲಿ ಸುಗುಣಾ ಮಗನ ತೋಳು ಹಿಡಿದರು. "ಈಗ ಬೇಡ. ಮನೆಯಲ್ಲಿ ಆಡಿದ ಮಾತೆಲ್ಲ ಮಗು ಕೇಳಿಸಿಕೊಂಡೇ ಹೀಗಾದದ್ದು."

ಶ್ರೀಪ್ರಿಯಾ ಮಂಚದ ಅಂಚಿನಲ್ಲಿ ಕೂತಳು.

"ಅನಘಾ, ಕೇಳು. ಆ ಮುಖ ನಾನು ಚಿಕ್ಕಪ್ಪನಿಗೆ ಹೇಳಿ ಮಾಡಿಸಿದ್ದು. ನಿನ್ನ ಮುಖ ಊದಿದ್ದು ನೀರಿನಿಂದ ಅಲ್ಲ. ನೀನು ತಪ್ಪು ಮಾಡಿದ್ದರಿಂದಲೂ ಅಲ್ಲ. ಕಾಯಿಲೆಯಿಂದ."

"ತೋ ವೋ ಝೂಠ್ ಥಾ?"

"ಸುಳ್ಳೇ. ನನಗೆ ಹೆದರಿಕೆಯಾಗಿತ್ತು. ನಿನಗೂ ಹೆದರಿಕೆ ಹುಟ್ಟಿಸಿದ್ರೆ ನೀನು ಹುಷಾರಾಗಿ ಇರ್ತೀ ಅಂತ ಗ್ರಹಿಸಿದೆ."

ಅನಘ ಬಹಳ ಹೊತ್ತು ತಾಯಿಯನ್ನು ನೋಡಿದಳು. ಕ್ಷಮಿಸಿದ ಹಾಗೆ ಕಾಣಲಿಲ್ಲ. ಆಮೇಲೆ ಅಜ್ಜಿಯ ಕಡೆ ಮುಖ ತಿರುಗಿಸಿದಳು. ಅಜ್ಜಿ ಚಮಚದಲ್ಲಿ ನೀರು ಹಿಡಿದುಕೊಂಡೇ ಕಾಯುತ್ತಿದ್ದರು. ಅನಘ ಚಮಚವನ್ನು ನೋಡಿದಳು, ಮತ್ತೊಮ್ಮೆ ಕೆನ್ನೆ ಮುಟ್ಟಿ ನೋಡಿಕೊಂಡಳು, ಬಾಯಿ ತೆರೆದಳು. ನುಂಗುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಎರಡನೆಯ ಚಮಚಕ್ಕೆ ಅಜ್ಜಿ ಬಹಳ ಹೊತ್ತು ಕಾಯಬೇಕಾಯಿತು.

ಮರುದಿನ ಮೂತ್ರ ಸರಿಯಾಗಿ ಹೋಯಿತು. ಕಿಡ್ನಿಗೆ ಪೆಟ್ಟು ಬಿದ್ದಿಲ್ಲವೆಂದು ರಿಪೋರ್ಟು ಬಂದಾಗ ರಮಾಕಾಂತ ಕಾರಿಡಾರಿನ ಬೆಂಚಿನಲ್ಲಿ ಕೂತು ಮುಖ ಮುಚ್ಚಿಕೊಂಡ. ಅವನು ಹೆಂಡತಿಯನ್ನು ಬೈದದ್ದು ಮನೆಗೆ ಬಂದ ಮೇಲೆ. ವಾರಗಟ್ಟಲೆ ಗಂಡ ಹೆಂಡಿರ ನಡುವೆ ಊಟಕ್ಕೆ ಕರೆಯುವ, ಮಾತ್ರೆ ಕೊಟ್ಟಾಯಿತೇ ಎಂದು ಕೇಳುವ ಮಾತುಗಳಷ್ಟೇ ಉಳಿದಿದ್ದವು. ಆದರೆ ಅವನು ಹೋಟೆಲಿನ ಬೆಳಗಿನ ಪಾಳಿಯನ್ನು ಸೋದರಮಾವನಿಗೆ ಬಿಟ್ಟುಕೊಟ್ಟು, ಮಗಳು ಏಳುವ ಹೊತ್ತಿಗೆ ಮನೆಯಲ್ಲಿರತೊಡಗಿದ. ಡಾಕ್ಟರಮ್ಮ ಹೇಳಿಕೊಟ್ಟಂತೆ ಬೆಳಗಿನ ಮೂತ್ರಕ್ಕೆ ಪ್ರೊಟೀನ್ ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡುವುದು ಅಪ್ಪ ಮಗಳ ಕೆಲಸವಾಯಿತು. ಹಳದಿಯಾದರೆ ಒಳ್ಳೆಯದು, ಹಸಿರಾದರೆ ಡಾಕ್ಟರಿಗೆ ಫೋನು. ಅನಘ ನೀರು ಕುಡಿಯುತ್ತಿದ್ದಳು, ಆದರೆ ಹೇಳಿದರೆ ಮಾತ್ರ. ಕುಡಿದಾಗಲೆಲ್ಲ ಕೈ ಕೆನ್ನೆಗೆ ಹೋಗುತ್ತಿತ್ತು.

ಜುಲೈಯಲ್ಲಿ ನೆಗಡಿ, ಜ್ವರ ಬಂದು ಹೋದ ಮೇಲೆ ಪಟ್ಟಿ ಹಸಿರಾಯಿತು. ಮರುದಿನವೂ ಹಸಿರು. ಕಣ್ಣಿನ ಕೆಳಗೆ ಬಾವು ಮತ್ತೆ ಮೂಡಿತು. ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದರು. ಬಾವು ಇಳಿಯುವ ತನಕ ದಿನಕ್ಕೆ ಏಳುನೂರು ಎಂದರು. ಆಮೇಲೆ ಅನಘಳನ್ನೇ ಹತ್ತಿರ ಕರೆದು ಹೇಳಿದರು, "ಏಳುನೂರಕ್ಕಿಂತ ಹೆಚ್ಚು ಬೇಡ. ಕಡಿಮೆಯೂ ಬೇಡ. ಅಷ್ಟು ನಿನ್ನ ಮೈಗೆ ಬೇಕೇ ಬೇಕು. ಯಾರು ಬೇಡವೆಂದರೂ ಬಿಡಬಾರದು."

ಮನೆಯಲ್ಲಿ ಆ ಬೆಳಿಗ್ಗೆ ನೀರು ಅಳೆಯುವವರು ಯಾರೆಂದು ತಿಳಿಯದೆ ಮೂವರೂ ಅಡುಗೆಮನೆಯಲ್ಲಿ ನಿಂತಿದ್ದರು. ಸುಗುಣಾ, "ನನಗೆ ಗೊತ್ತಿರುವುದು ಸೌಟಿನ ಲೆಕ್ಕ" ಎಂದರು. ಶ್ರೀಪ್ರಿಯಾ ಮುಂದೆ ಬರಲಿಲ್ಲ. ಕೊನೆಗೆ ರಮಾಕಾಂತನೇ ಅಳೆದು ಒಂದು ಬಾಟಲಿಯಲ್ಲಿ ತುಂಬಿ, ಹಾಲಿಗೂ ಸಾರಿಗೂ ಇಷ್ಟಿಷ್ಟು ಎಂದು ಕಳೆದು, ಉಳಿದದ್ದನ್ನು ಮೇಜಿನ ಮೇಲಿಟ್ಟು ಕಲ್ಯಾಣಕ್ಕೆ ಹೋದ.

ಸಂಜೆಯ ಹೊತ್ತಿಗೆ ಬಾಟಲಿಯ ತಳದಲ್ಲಿ ಸ್ವಲ್ಪವೇ ನೀರಿತ್ತು. ಶ್ರೀಪ್ರಿಯಾ ಮಗಳ ಮುಖ ನೋಡಿದಳು. ಬೆಳಗಿಗಿಂತ ಬಾವು ಹೆಚ್ಚಾಗಿದೆ ಅನ್ನಿಸಿತು. ಹೌದೋ ಅಲ್ಲವೋ ತಿಳಿಯಲಿಲ್ಲ. ಮತ್ತೊಮ್ಮೆ ನೋಡಿದಳು. ಇಷ್ಟೊಂದು ಕುಡಿದಿದ್ದಾಳಲ್ಲ, ಇದೊಂದು ಗುಟುಕಿಲ್ಲದಿದ್ದರೆ ಏನಾಗುತ್ತದೆ? ಸದ್ದಾಗದಂತೆ ಬಾಟಲಿ ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ ಮುಚ್ಚಳ ತಿರುಗಿಸಿದಳು.

"ಅಮ್ಮ."

ಬಾಗಿಲಲ್ಲಿ ಅನಘ ನಿಂತಿದ್ದಳು.

"ಅದರಲ್ಲಿ ಇನ್ನೂ ಐವತ್ತು ಉಂಟು. ಅದು ನನ್ನದು."

ಶ್ರೀಪ್ರಿಯಾಳ ಕೈ ಸಿಂಕಿನ ಮೇಲೆಯೇ ನಿಂತಿತು. ಹುಡುಗಿ ಬಂದು ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡಳು, ಅಲ್ಲೇ ನಿಂತು ತಲೆ ಹಿಂದಕ್ಕೆ ಬಾಗಿಸಿ, ಕೊನೆಯ ಹನಿ ಬೀಳುವ ತನಕ ಕುಡಿದಳು.